ಸ್ಕಾಫ್, ಸ್ನೀರ್, ಟಾಂಟ್, ಡಿಫೈ: ರಾವಣನ ಒಡ್ಡೋಲಗದಲ್ಲಿ ಒಂದು ಇಂಗ್ಲಿಷ್ ಪಾಠ

ಇಂಗ್ಲಿಷ್-ಕನ್ನಡ ನಿಘಂಟಿನಲ್ಲಿ ‘ಸ್ಕಾಫ್’ ಹುಡುಕಿದರೆ ‘ಅಪಹಾಸ್ಯ ಮಾಡು’ ಅಂತ ಸಿಗುತ್ತದೆ. ‘ಜೀರ್’ಗೂ ಹೆಚ್ಚುಕಡಿಮೆ ಅದೇ. ‘ಮಾಕ್’, ‘ಡಿರೈಡ್’, ‘ರಿಡಿಕ್ಯೂಲ್’, ‘ಟಾಂಟ್’, ‘ಸ್ನೀರ್’ ಯಾವುದನ್ನು ತೆಗೆದರೂ ಗೇಲಿ, ಅಪಹಾಸ್ಯ, ಹೀಯಾಳಿಕೆ, ತಿರಸ್ಕಾರ ಅನ್ನುವ ನಾಲ್ಕೈದು ಪದಗಳೇ ಜಾಗ ಬದಲಿಸಿಕೊಂಡು ಕೂತಿರುತ್ತವೆ. ಸರ್ಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಗೆ ಓದುವ ನಮ್ಮ ಕಾಸರಗೋಡಿನ ಹುಡುಗ ಹುಡುಗಿಯರು ಇವನ್ನೆಲ್ಲ ಸಮಾನಾರ್ಥಕ ಪದಗಳ ಪಟ್ಟಿ ಅಂತ ಬಾಯಿಪಾಠ ಮಾಡುತ್ತಾರೆ. ಬಿಟ್ಟ ಸ್ಥಳ ತುಂಬುವ ಪ್ರಶ್ನೆ ಬಂದಾಗ ನಾಲ್ಕಕ್ಕೆ ನಾಲ್ಕೂ ಆಯ್ಕೆ ಸರಿ ಅನ್ನಿಸುತ್ತದೆ. ಬಾಯಿಪಾಠದ ಕಥೆ ಅಲ್ಲಿಗೆ ಮುಗಿಯಿತು.

ಹಾಗೆ ನೋಡಿದರೆ ಈ ವಿಷಯದಲ್ಲಿ ನಾವೇನೂ ಬಡವರಲ್ಲ. ಚಂದ್ರಗಿರಿ ಹೊಳೆಯ ಆಚೆ ಈಚೆ ಇರುವವರಿಗೆ ಒಬ್ಬನನ್ನು ಹಂಗಿಸಲು ಕನ್ನಡ ಇದೆ, ತುಳು ಇದೆ, ಮಲಯಾಳ ಇದೆ. ಮನೆಮಾತು ಕೊಂಕಣಿಯೋ ಬ್ಯಾರಿಯೋ ಮರಾಠಿಯೋ ಆಗಿದ್ದರೆ ಮತ್ತೊಂದು. ಯಾವ ಮಾತು ಎಲ್ಲಿ ಚುಚ್ಚುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆ ತಿಳಿವಳಿಕೆಯನ್ನೇ ಇಂಗ್ಲಿಷ್‌ಗೂ ಹಚ್ಚಿದರೆ ಸಾಕು. ನನ್ನ ಪ್ರಕಾರ ಈ ಪದಗಳ ಎದುರು ಕೇಳಬೇಕಾದ ಪ್ರಶ್ನೆ ಒಂದೇ: ಮಾತಾಡುವವನು ಎಲ್ಲಿದ್ದಾನೆ? ಎದುರಿನವನಿಗಿಂತ ಮೇಲಿದ್ದೇನೆ ಅಂದುಕೊಂಡಿದ್ದಾನಾ, ಸರಿಸಮ ನಿಂತಿದ್ದಾನಾ, ಅಥವಾ ಕೆಳಗಿದ್ದು ತಲೆ ಎತ್ತುತ್ತಿದ್ದಾನಾ? ನಿಘಂಟು ಅರ್ಥ ಕೊಡುತ್ತದೆ. ನಿಂತ ಜಾಗ ತೋರಿಸುವುದಿಲ್ಲ.

ಆ ಜಾಗ ನೋಡಬೇಕಾದರೆ ತಾಳಮದ್ದಳೆಗೆ ಹೋಗಬೇಕು. ಪತ್ತನಾಜೆ ಕಳೆದು, ಅಂದರೆ ಯಕ್ಷಗಾನದ ತಿರುಗಾಟ ಮುಗಿದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಕುಂಬಳೆ, ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆ ನಡೆಯುವ ಕೂಟಗಳಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪಾತ್ರವಾಗಿ ಕೂತು ಮಾತಾಡುವ ಅರ್ಥಧಾರಿಗೆ ಇರುವುದು ಮುಖ ಮತ್ತು ಮಾತು ಮಾತ್ರ. ‘ಅಂಗದ ಸಂಧಾನ’ ಪ್ರಸಂಗವನ್ನೇ ತೆಗೆದುಕೊಳ್ಳಿ. ರಾಮನ ದೂತನಾಗಿ ಅಂಗದ ಲಂಕೆಗೆ ಬಂದಿದ್ದಾನೆ. ರಾವಣ ಸಿಂಹಾಸನದಲ್ಲಿದ್ದಾನೆ. ಪಳಗಿದ ಅರ್ಥಧಾರಿ ರಾವಣನಾಗಿ ಕೂತರೆ ಅಂಗದನಿಗೆ ನೇರವಾಗಿ ಉತ್ತರವನ್ನೇ ಕೊಡುವುದಿಲ್ಲ. ಹೆಗಲ ಶಾಲು ಸರಿಮಾಡಿಕೊಂಡು, ಪಕ್ಕಕ್ಕೆ ತಿರುಗಿ, ‘ಪ್ರಹಸ್ತಾ, ಇದು ಏನೋ ಒದರುತ್ತಾ ಇದೆಯಲ್ಲ. ಹಸಿವಾಗಿರಬೇಕು. ಹಣ್ಣೇನಾದರೂ ಇದ್ದರೆ ಎಸೆ’ ಅನ್ನುವ ಧಾಟಿಯಲ್ಲಿ ಹೇಳುತ್ತಾನೆ. ‘ಇವನು’ ಅನ್ನಲಿಲ್ಲ, ಗಮನಿಸಿ. ‘ಇದು’ ಅಂದ. ಕೂತವರೆಲ್ಲ ಅಲ್ಲೇ ನಗುತ್ತಾರೆ.

ಇಂಗ್ಲಿಷ್‌ನಲ್ಲಿ ಇದು ‘ಡಿಸ್ಡೇನ್’. ಹಳೆಯ ಫ್ರೆಂಚ್‌ನಿಂದ ಬಂದ ಪದ. ಅದರ ಬುಡದಲ್ಲಿ ‘ಯೋಗ್ಯ’ ಅನ್ನುವ ಅರ್ಥದ ಲ್ಯಾಟಿನ್ ಮಾತಿದೆ, ‘ಡಿಗ್ನಿಟಿ’ ಹುಟ್ಟಿದ್ದೂ ಅಲ್ಲಿಂದಲೇ. ನನ್ನ ಉತ್ತರಕ್ಕೂ ನೀನು ಯೋಗ್ಯನಲ್ಲ ಅನ್ನುವ ಭಾವ. ಡಿಸ್ಡೇನ್‌ನಲ್ಲಿ ಸಿಟ್ಟು ಕಾಣುವುದಿಲ್ಲ. ಸಿಟ್ಟು ಬರಬೇಕಾದರೂ ಎದುರಿನವ ಒಂದು ಮಟ್ಟಕ್ಕೆ ಬಂದಿರಬೇಕು, ಅಲ್ವಾ? ಕನ್ನಡದ ತಾತ್ಸಾರ, ಅಸಡ್ಡೆ ಇದಕ್ಕೆ ಹತ್ತಿರ. ‘ಸ್ಕಾರ್ನ್’ ಕೂಡ ಮೇಲಿನಿಂದಲೇ ಬರುತ್ತದೆ. ಆದರೆ ಅದರಲ್ಲಿ ಬಿಸಿ ಜಾಸ್ತಿ, ಬಾಯಿ ಬಿಟ್ಟು ಹೇಳುತ್ತದೆ. ರಾಜಕುಮಾರರ ಅಸ್ತ್ರವಿದ್ಯೆಯ ಪ್ರದರ್ಶನದ ದಿನ ಭೀಮ ಕರ್ಣನಿಗೆ ‘ನಿನ್ನ ಕುಲಕ್ಕೆ ತಕ್ಕ ಚಾವಟಿ ಹಿಡಿ ಹೋಗು’ ಅಂದನಲ್ಲ, ಅದು ಸ್ಕಾರ್ನ್. ರಾವಣ ಪಕ್ಕಕ್ಕೆ ತಿರುಗಿದ್ದು ಡಿಸ್ಡೇನ್. ಇವೆರಡರ ಹಿಂದೆಯೂ ಇರುವ ಭಾವಕ್ಕೆ ‘ಕಂಟೆಂಪ್ಟ್’ ಅಂತ ಹೆಸರು. ಆ ಪದದ ಜೊತೆ ಕೋರ್ಟಿಗೆ ಹೋಗುವುದಿದೆ, ಆಮೇಲೆ ನೋಡೋಣ.

ರಾವಣ ಒಂದು ಮಾತೂ ಆಡದೆ ತುಟಿ ಕೊಂಕಿಸಿದ್ದರೆ? ಆಗ ಅದು ‘ಸ್ನೀರ್’. ಇದು ಮುಖದ ಪದ. ಮಾತಿನಲ್ಲೂ ಸ್ನೀರ್ ಮಾಡಬಹುದು, ಆದರೆ ಓದುವವನ ಕಣ್ಣಿಗೆ ಮೊದಲು ಬರುವುದು ಮೇಲ್ದುಟಿಯೇ. ನಮ್ಮಲ್ಲಿ ಮೂಗು ಮುರಿಯುತ್ತಾರೆ, ಮೂತಿ ತಿರುವುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಪಾಲ್ ಎಕ್‌ಮನ್ ಮತ್ತು ವಾಲೇಸ್ ಫ್ರೀಸೆನ್ 1986ರಲ್ಲಿ ಇದರ ಬಗ್ಗೆ ಬರೆದರು. ತಿರಸ್ಕಾರ ಬಂದಾಗ ತುಟಿಯ ಒಂದೇ ತುದಿ ಬಿಗಿದು ಮೇಲೇರುತ್ತದೆ, ಬೇರೆ ಬೇರೆ ದೇಶದ ಜನ ಅದನ್ನು ಗುರುತಿಸುತ್ತಾರೆ ಅನ್ನುವುದು ಅವರ ವಾದ. ಖುಷಿಯ ನಗುವಿನಲ್ಲಿ ಎರಡೂ ತುದಿ ಏಳುತ್ತವೆ, ಇದರಲ್ಲಿ ಒಂದೇ. ಕನ್ನಡದಲ್ಲಿ ‘ಕೊಂಕು ನಗೆ’ ಅಂದವರು ಯಾವ ಪ್ರಯೋಗಾಲಯಕ್ಕೂ ಹೋಗಿರಲಿಲ್ಲ! ‘ಸ್ಮರ್ಕ್’ ಇದರ ತಮ್ಮ. ಅದರಲ್ಲಿ ತಿರಸ್ಕಾರಕ್ಕಿಂತ ‘ನಾನು ಗೆದ್ದೆ ನೋಡು’ ಅನ್ನುವ ಒಳಗೊಳಗಿನ ಹಿಗ್ಗು ಇರುತ್ತದೆ. ‘ಸೂಪರ್ಸಿಲಿಯಸ್’ ಅಂತ ಒಂದು ಉದ್ದ ಪದವಿದೆಯಲ್ಲ, ಅದು ಹುಬ್ಬಿನಿಂದ ಬಂದದ್ದು. ಲ್ಯಾಟಿನ್‌ನಲ್ಲಿ ಸೂಪರ್ಸಿಲಿಯಂ ಅಂದರೆ ಹುಬ್ಬು. ಹುಬ್ಬೇರಿಸಿಕೊಂಡೇ ಮಾತಾಡಿಸುವ ಜನರನ್ನು ನೆನಪಿಟ್ಟುಕೊಂಡರೆ ಪದವೂ ನೆನಪಿರುತ್ತದೆ.

ಇಲ್ಲಿ ಗಡಿಯವರಿಗೆ ಮಾತ್ರ ಸಿಗುವ ಒಂದು ತಮಾಷೆ ಹೇಳಬೇಕು. ಮಲಯಾಳದಲ್ಲಿ ತಿರಸ್ಕಾರಕ್ಕೆ ದಿನಬಳಕೆಯ ಪದ ‘ಪುಚ್ಛಂ’. ಕನ್ನಡದಲ್ಲಿ ಪುಚ್ಛ ಅಂದರೆ ಬಾಲ. ‘ಅವನಿಗೆ ನನ್ನನ್ನು ಕಂಡರೆ ಪುಚ್ಛ’ ಅಂತ ಇಲ್ಲಿಯ ಹುಡುಗರು ಕನ್ನಡದ ನಡುವೆಯೇ ಹೇಳಿಬಿಡುತ್ತಾರೆ. ಮೈಸೂರಿನ ನೆಂಟರು ಕೇಳಿದರೆ ಕಂಗಾಲು. ಕೂರಲು ಆಸನ ಕೊಡದ ರಾವಣನ ಎದುರು ಅಂಗದ ತನ್ನ ಬಾಲವನ್ನೇ ಸುತ್ತಿ ಸುತ್ತಿ ಎತ್ತರದ ಪೀಠ ಮಾಡಿಕೊಂಡು ಕೂತ ಅಂತ ಜನ ಕಥೆ ಹೇಳುತ್ತಾರೆ. ಆ ಒಂದು ಕಡೆ ಮಾತ್ರ ಎರಡು ಭಾಷೆಯ ಪುಚ್ಛವೂ ಒಂದೇ ಆಯಿತು.

ಬಾಲದ ಪೀಠ ಏರಿದ ಅಂಗದ ಈಗ ಸರಿಸಮ. ಮಾತಿನ ಬಣ್ಣವೂ ಬದಲಾಗುತ್ತದೆ. ‘ರಾವಣರು ಎಷ್ಟೋ ಜನ ಇದ್ದಾರಂತೆ. ನೀನು ಯಾವ ರಾವಣ? ನಮ್ಮಪ್ಪ ವಾಲಿಯ ಕಂಕುಳಲ್ಲಿ ಸಿಕ್ಕಿಕೊಂಡಿದ್ದವನಾ? ಕಾರ್ತವೀರ್ಯನ ಸೆರೆಯಲ್ಲಿದ್ದವನಾ?’ ಇದು ‘ಟಾಂಟ್’. ರಾವಣ ಬಿಡುತ್ತಾನಾ? ‘ಅಪ್ಪನನ್ನು ಕೊಂದವನ ಕಾಲು ಒತ್ತುವ ಮಗನಲ್ಲವೇ ನೀನು’ ಅನ್ನುತ್ತಾನೆ. ಅದೂ ಟಾಂಟ್, ಮತ್ತೂ ಕ್ರೂರವಾದದ್ದು. ಟಾಂಟ್‌ನ ಗುರುತು ಇಲ್ಲಿದೆ: ಆಡಿದವನಿಗೆ ನಗು ಬೇಕಿಲ್ಲ, ಎದುರಿನವನ ಪ್ರತಿಕ್ರಿಯೆ ಬೇಕು. ಏಡಿಯ ಮಾಟೆಗೆ ಕಡ್ಡಿ ಹಾಕಿದ ಹಾಗೆ, ಒಳಗಿರುವುದು ಕೆರಳಿ ಹೊರಗೆ ಬರಬೇಕು. ವೈಶಂಪಾಯನ ಸರೋವರದಲ್ಲಿ ಅಡಗಿದ್ದ ದುರ್ಯೋಧನನನ್ನು ಪಾಂಡವರು ಹೊರಗೆ ಎಬ್ಬಿಸಿದ್ದು ಬಾಣದಿಂದಲ್ಲ, ಮೂದಲಿಕೆಯಿಂದ. ಟಾಂಟ್‌ಗೆ ಕನ್ನಡದಲ್ಲಿ ಅಪಹಾಸ್ಯಕ್ಕಿಂತ ಮೂದಲಿಕೆಯೇ ಸರಿ. ಹಳಬರು ಬಳಸುವ ‘ಹಂಗಿಸು’ ಇನ್ನೂ ಸರಿ. ಪದದ ಹುಟ್ಟು ಫ್ರೆಂಚ್‌ನ ‘ಇಷ್ಟಕ್ಕೆ ಇಷ್ಟು’ ಅನ್ನುವ ನುಡಿಗಟ್ಟಿನಲ್ಲಿ ಇರಬಹುದು ಅಂತ ಊಹೆ. ಅಂಗದ ಮತ್ತು ರಾವಣನ ಲೆಕ್ಕ ನೋಡಿದರೆ ಊಹೆ ಸರಿ ಅನ್ನಿಸುತ್ತದೆ. ಅಂದಹಾಗೆ ನಮ್ಮ ಪತ್ರಿಕೆಗಳ ‘ಟಾಂಗ್ ಕೊಟ್ಟ’ ಅನ್ನುವ ತಲೆಬರಹ ಇದಕ್ಕೆ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ.

ಇನ್ನು ‘ಸ್ಕಾಫ್’. ಕೋತಿಗಳು ಸಮುದ್ರಕ್ಕೆ ಸೇತುವೆ ಕಟ್ಟಿದವು ಅಂತ ದೂತರು ಬಂದು ಹೇಳುತ್ತಾರೆ. ‘ಕೋತಿಗಳು ಸೇತುವೆ ಕಟ್ಟಿದವಂತೆ!’ ಅಂತ ರಾವಣ ತೊಡೆ ತಟ್ಟಿ ನಗುತ್ತಾನೆ. ಇದು ಸ್ಕಾಫ್. ಟಾಂಟ್ ವ್ಯಕ್ತಿಗೆ ತಾಗುತ್ತದೆ. ಸ್ಕಾಫ್ ತಾಗುವುದು ಹೆಚ್ಚಾಗಿ ಒಂದು ಮಾತಿಗೆ, ನಂಬಿಕೆಗೆ, ಯೋಜನೆಗೆ. ವೈದ್ಯರ ಸಲಹೆಯನ್ನು ಸ್ಕಾಫ್ ಮಾಡಬಹುದು, ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಸ್ಕಾಫ್ ಮಾಡಬಹುದು. ‘ಹೌದಾ, ನಂಬಿದೆ ಬಿಡು’ ಅನ್ನುವ ದನಿ ಅದರಲ್ಲಿರುತ್ತದೆ. ಇದಕ್ಕೆ ಕನ್ನಡದಲ್ಲಿ ಕ್ರಿಯಾಪದ ಹುಡುಕಿದರೆ ಸಿಗುವುದಿಲ್ಲ. ನಾವು ಆ ಕೆಲಸವನ್ನು ‘ಅಂತೆ’ಗೆ ವಹಿಸಿಬಿಟ್ಟಿದ್ದೇವೆ. ಸಾಲದ್ದಕ್ಕೆ ‘ಗಿ’ಕಾರವೂ ಇದೆ. ‘ಹೆಲ್ಮೆಟ್ ಅಂತೆ ಗಿಲ್ಮೆಟ್ ಅಂತೆ’ ಅಂದರೆ ಮುಗಿಯಿತು, ಹೆಲ್ಮೆಟ್ ವಾದವೇ ಬಿದ್ದುಹೋಯಿತು. ಇಂಗ್ಲಿಷ್‌ಗೆ ಇಂಥ ಸೌಕರ್ಯ ಇರಲಿಲ್ಲ. ಯೆಹೂದಿ ವಲಸಿಗರ ಯಿಡ್ಡಿಷ್ ಭಾಷೆಯಿಂದ ‘ಶ್ಮ’ ಅನ್ನುವುದನ್ನು ಅಮೆರಿಕದವರು ಸಾಲ ತಂದರು. ‘ಫ್ಯಾನ್ಸಿ ಶ್ಮ್ಯಾನ್ಸಿ’ ಅನ್ನುತ್ತಾರೆ. ನಮ್ಮ ‘ಫ್ಯಾನ್ಸಿ ಗೀನ್ಸಿ’ಯ ಹಾಗೆಯೇ ಕೇಳಿಸುತ್ತದೆ. ಬ್ರಿಟನ್ನಿನಲ್ಲಿ ಸ್ಕಾಫ್ ಅಂದರೆ ಗಬಗಬ ತಿನ್ನು ಅನ್ನುವ ಅರ್ಥವೂ ಇದೆ, ಅದು ಬೇರೆ ಪದ. ಬಿರಿಯಾನಿಯನ್ನು ಸ್ಕಾಫ್ ಮಾಡಿದ ಅಂತ ಓದಿದರೆ ಬಿರಿಯಾನಿಗೆ ಅವಮಾನ ಆಯಿತು ಅಂದುಕೊಳ್ಳಬೇಡಿ.

‘ಜೀರ್’ಗೆ ಗುಂಪು ಬೇಕು, ಸದ್ದು ಬೇಕು. ರಾತ್ರಿ ದೀಪದ ಬೆಳಕಿನಲ್ಲಿ ನಡೆಯುವ ಕಬಡ್ಡಿ ಪಂದ್ಯಕ್ಕೆ ಹೋದವರಿಗೆ ವಿವರಿಸಬೇಕಿಲ್ಲ. ರೈಡಿಗೆ ಹೋದವನು ಗೆರೆ ಮುಟ್ಟುವ ಮೊದಲೇ ಸಿಕ್ಕಿಬಿದ್ದರೆ ಒಂದು ಕಡೆಯ ಗ್ಯಾಲರಿಯಿಂದ ‘ಕೂಊಊ’ ಅಂತ ಏಳುತ್ತದಲ್ಲ, ಮಲಯಾಳದವರು ‘ಕೂವಲ್’ ಅನ್ನುವುದು, ಅದು ಜೀರ್. ಒಬ್ಬನೇ ಮನೆಯ ಜಗಲಿಯಲ್ಲಿ ಕೂತು ಜೀರ್ ಮಾಡುವುದು ಕಷ್ಟ. ಗುಂಪಿನ ಒಳಗಿಂದ ಒಬ್ಬ ಎದ್ದು ಭಾಷಣಕಾರನ ಮಾತಿಗೆ ಅಡ್ಡ ಹಾಕಿದರೆ ಅದು ‘ಹೆಕಲ್’. ಇದರ ಹಿಂದೆ ಒಂದು ಚೆಂದದ ಕಥೆಯಿದೆ. ಹೆಕಲ್ ಅಂದರೆ ಮೂಲದಲ್ಲಿ ಅಗಸೆ ಮತ್ತು ಸೆಣಬಿನ ನಾರನ್ನು ಬಾಚುವ ಮುಳ್ಳಿನ ಹಣಿಗೆ, ಬಾಚುವ ಕೆಲಸ. ಸ್ಕಾಟ್ಲೆಂಡಿನ ಡಂಡೀ ಪಟ್ಟಣದಲ್ಲಿ ಆ ಕೆಲಸ ಮಾಡುತ್ತಿದ್ದವರು ರಾಜಕೀಯದಲ್ಲಿ ಭಾರೀ ಚುರುಕು ಅಂತ ಹೆಸರಾಗಿದ್ದರು. ಚುನಾವಣೆಗೆ ನಿಂತವರನ್ನು ಪ್ರಶ್ನೆ ಕೇಳಿ ಕೇಳಿ ಬಾಚುವುದಕ್ಕೆ ಸ್ಕಾಟ್ಲೆಂಡಿನಲ್ಲಿ ಅದೇ ಪದ ಅಂಟಿತು. ಜೀರ್ ಮಾಡುವವನಿಗೆ ಗಂಟಲು ಸಾಕು. ಹೆಕಲ್ ಮಾಡುವವನಿಗೆ ಒಂದು ಪ್ರಶ್ನೆಯಾದರೂ ಬೇಕು.

‘ಮಾಕ್’ ಅಂದರೆ ಅಣಕಿಸು. ಇದರಲ್ಲಿ ನಕಲು ಇದ್ದೇ ಇರುತ್ತದೆ. ಹಾಗಾಗಿಯೇ ಪರೀಕ್ಷೆಗೆ ಮೊದಲು ಮಾಕ್ ಟೆಸ್ಟ್, ಅಗ್ನಿಶಾಮಕ ದಳದವರ ಮಾಕ್ ಡ್ರಿಲ್, ಮತಗಟ್ಟೆಯಲ್ಲಿ ಬೆಳಗ್ಗೆ ಮಾಕ್ ಪೋಲ್. ಕನ್ನಡದಲ್ಲೂ ಅದು ಅಣಕು ಮತದಾನ, ಅಣಕು ಕಾರ್ಯಾಚರಣೆ. ಎರಡು ಭಾಷೆ ಇಷ್ಟು ನೀಟಾಗಿ ಹೊಂದಿಕೊಳ್ಳುವುದು ಅಪರೂಪ. ‘ರಿಡಿಕ್ಯೂಲ್’ ಮತ್ತು ‘ಡಿರೈಡ್’ ಎರಡೂ ನಗು ಅನ್ನುವ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದವು. ಇವುಗಳ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಡಿರೈಡ್ ಪುಸ್ತಕದ ಭಾಷೆ, ರಿಡಿಕ್ಯೂಲ್ ದಿನದ ಭಾಷೆ. ‘ಸಾರ್ಕಾಸಂ’ ಮಾತ್ರ ಗ್ರೀಕ್‌ನ ‘ಮಾಂಸ ಹರಿ’ ಅನ್ನುವ ಮಾತಿನಿಂದ ಬಂದದ್ದು. ವ್ಯಂಗ್ಯ ಅಂದರೆ ನಯವಾದ ಸಂಗತಿ ಅಂದುಕೊಂಡವರಿಗೆ ಅದು ಗೊತ್ತಿರಲಿ.

‘ಬಿಲಿಟಲ್’ ಅಂದರೆ ಸಣ್ಣದು ಮಾಡಿ ತೋರಿಸು. ಇದನ್ನು ಮೊದಲು ಬಳಸಿದವರಲ್ಲಿ ಅಮೆರಿಕದ ಥಾಮಸ್ ಜೆಫರ್ಸನ್ ಒಬ್ಬ, 1780ರ ದಶಕದಲ್ಲಿ. ಅಮೆರಿಕದ ಪ್ರಾಣಿಗಳು ಯೂರೋಪಿನವಕ್ಕಿಂತ ಕುಳ್ಳು ಅನ್ನುವ ಒಬ್ಬ ಫ್ರೆಂಚ್ ವಿದ್ವಾಂಸನ ವಾದಕ್ಕೆ ಉತ್ತರ ಕೊಡುವಾಗ ಆ ಪದ ಬಂತು. ಇದೆಂಥ ಪದ ಅಂತ ಲಂಡನ್ನಿನ ಪತ್ರಿಕೆಯೊಂದು 1787ರಲ್ಲಿ ಅದನ್ನೇ ಗೇಲಿ ಮಾಡಿತು. ಕಡೆಗೆ ಪದ ಉಳಿಯಿತು. ನಮಗೆ ಬಿಲಿಟಲ್ ಅಂದರೆ ಶಲ್ಯ ಸಾರಥ್ಯ ನೆನಪಿಟ್ಟುಕೊಂಡರೆ ಆಯಿತು. ಕರ್ಣನ ರಥದಲ್ಲಿ ಕೂತು, ಕುದುರೆ ಹೊಡೆಯುತ್ತಲೇ, ಕಾಗೆ ಮತ್ತು ಹಂಸದ ಕಥೆ ಹೇಳಿ ಅವನ ಉತ್ಸಾಹ ಇಳಿಸಿದವನು ಶಲ್ಯ. ಜೊತೆಯಲ್ಲೇ ಇದ್ದು ಕೆಳಗಿಳಿಸುವುದು ಬಿಲಿಟಲ್.

ಈಗಿನ ಹುಡುಗರ ಬಾಯಲ್ಲಿ ಇವೆಲ್ಲವನ್ನೂ ನುಂಗಿ ಕೂತಿರುವ ಪದ ‘ಟ್ರೋಲ್’. ಇದನ್ನು ವಿವರಿಸಲು ಕಾಸರಗೋಡಿನಷ್ಟು ಒಳ್ಳೆಯ ಊರು ಬೇರೆ ಸಿಗಲಿಕ್ಕಿಲ್ಲ. ಪ್ರತಿ ಮಳೆಗಾಲದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ ಕೇರಳದ ಕರಾವಳಿಯಲ್ಲಿ 52 ದಿನ ‘ಟ್ರೋಲಿಂಗ್’ ನಿಷೇಧ. ಮಂಜೇಶ್ವರ, ಕಸಬ ಕಡೆಯ ಮೀನುಗಾರರ ಮನೆಯಲ್ಲಿ ಈ ಪದ ಇಂಟರ್ನೆಟ್ ಬರುವ ಮೊದಲೇ ಇತ್ತು. ಇಂಗ್ಲಿಷ್‌ನಲ್ಲಿ ಸರಿಯಾಗಿ ಹೇಳುವುದಾದರೆ ಬಲೆ ಎಳೆದುಕೊಂಡು ಹೋಗುವುದು ‘ಟ್ರಾಲಿಂಗ್’, ದೋಣಿಯ ಹಿಂದೆ ಗಾಳದ ದಾರ ಎಳೆದುಕೊಂಡು ಹೋಗುವುದು ‘ಟ್ರೋಲಿಂಗ್’. ನಮ್ಮಲ್ಲಿ ಬಲೆಯ ಬೋಟುಗಳನ್ನು ತಡೆಯುವ ನಿಷೇಧಕ್ಕೆ ಗಾಳದ ಹೆಸರು ಅಂಟಿಕೊಂಡಿದೆ, ಇರಲಿ. ಇಂಟರ್ನೆಟ್ಟಿನ ಟ್ರೋಲ್ ಬಂದದ್ದು ಆ ಗಾಳದಿಂದಲೇ. 1990ರ ದಶಕದ ಆರಂಭದಲ್ಲಿ ಹೊಸಬರನ್ನು ಕೆಣಕಲು ಬೇಕಂತಲೇ ಒಂದು ಪೆದ್ದು ಪ್ರಶ್ನೆ ಎಸೆಯುತ್ತಿದ್ದರು. ಯಾರಾದರೂ ಸಿಟ್ಟಾಗಿ ಉತ್ತರ ಕೊಟ್ಟರೆ ಮೀನು ಕಚ್ಚಿತು. ಆಮೇಲೆ ಸ್ಕ್ಯಾಂಡಿನೇವಿಯಾದ ಕಥೆಗಳಲ್ಲಿ ಬರುವ ‘ಟ್ರೋಲ್’ ಎಂಬ ರಾಕ್ಷಸನೂ ಅದರೊಳಗೆ ಸೇರಿಕೊಂಡ. ಹಾಗಾಗಿ ಟ್ರೋಲ್ ಮೂಲದಲ್ಲಿ ಟಾಂಟ್‌ನ ಜಾತಿಗೆ ಸೇರಿದ್ದು. ನಾವು ಈಗ ‘ಅವನನ್ನು ಟ್ರೋಲ್ ಮಾಡಿದರು’ ಅನ್ನುವಾಗ ಮಾಕ್ ಅನ್ನುವ ಅರ್ಥದಲ್ಲಿ ಬಳಸುತ್ತೇವೆ. ಎರಡೂ ನಡೆಯುತ್ತದೆ.

ಇಲ್ಲಿಯವರೆಗೆ ಬಂದ ಪದಗಳಲ್ಲಿ ಆಡಿದವನಿಗೆ ದೊಡ್ಡ ನಷ್ಟವೇನೂ ಇಲ್ಲ. ಇನ್ನು ಕೆಳಗೆ ನಿಂತವನ ಪದಗಳು. ಇಲ್ಲಿ ಬೆಲೆ ಕೊಡಬೇಕಾಗುತ್ತದೆ.

ಮೊದಲು ‘ಫ್ಲೌಟ್’. ನಿಯಮ ಗೊತ್ತಿದ್ದೂ, ಎಲ್ಲರ ಕಣ್ಣೆದುರೇ ಮುರಿಯುವುದು. ‘ವಯೊಲೇಟ್’ ಅಂದರೆ ಬರೀ ಉಲ್ಲಂಘನೆ, ಗೊತ್ತಿಲ್ಲದೆಯೂ ಆಗಬಹುದು. ಫ್ಲೌಟ್ ಗೊತ್ತಿಲ್ಲದೆ ಆಗುವುದಿಲ್ಲ. ‘ನಿಯಮ ಗಾಳಿಗೆ ತೂರಿ’, ‘ಆದೇಶಕ್ಕೆ ಕ್ಯಾರೇ ಎನ್ನದೆ’ ಅಂತ ನಮ್ಮ ಪತ್ರಿಕೆಯವರು ಬರೆಯುವುದು ಇದನ್ನೇ. ಇದರ ಜೊತೆ ಜನ ಗೊಂದಲ ಮಾಡಿಕೊಳ್ಳುವ ‘ಫ್ಲಾಂಟ್’ ಬೇರೆ, ಅದು ಮೆರೆಸು, ತೋರಿಸಿಕೊಳ್ಳು. ಹೊಸ ಬೈಕನ್ನು ಫ್ಲಾಂಟ್ ಮಾಡುತ್ತಾರೆ, ಅದೇ ಬೈಕಿನಲ್ಲಿ ಮೂವರು ಕೂತು ನಿಯಮವನ್ನು ಫ್ಲೌಟ್ ಮಾಡುತ್ತಾರೆ. ಇಂಗ್ಲಿಷ್ ಮನೆಮಾತಿನವರೂ ಇವನ್ನು ಅದಲುಬದಲು ಮಾಡುತ್ತಾರೆ, ನಾವು ಮಾಡಿದರೆ ನಾಚಿಕೆಪಡಬೇಕಿಲ್ಲ. ಪರೀಕ್ಷೆಯಲ್ಲಿ ಮಾತ್ರ ಮಾಡಬಾರದು.

ಫ್ಲೌಟ್ ಮಾಡುವವನಿಗೆ ಒಂದು ಹೆಸರು ಬೇಕು ಅಂತ ಅಮೆರಿಕದಲ್ಲಿ ಸ್ಪರ್ಧೆಯೇ ನಡೆದಿತ್ತು. ಆಗ ಅಲ್ಲಿ ಮದ್ಯ ನಿಷೇಧ. ಜನ ಕದ್ದು ಕುಡಿಯುತ್ತಿದ್ದರು, ಕಾನೂನಿಗೆ ಮರ್ಯಾದೆಯೇ ಇರಲಿಲ್ಲ. ಅಂಥ ಕುಡುಕರಿಗೆ ನಾಟುವ ಒಂದು ಪದ ಕಟ್ಟಿಕೊಟ್ಟವರಿಗೆ 200 ಡಾಲರ್ ಅಂತ ಮ್ಯಾಸಚೂಸೆಟ್ಸ್ ರಾಜ್ಯದ ಡೆಲ್ಸೆವೇರ್ ಕಿಂಗ್ ಅನ್ನುವವನು ಘೋಷಿಸಿದ. 25,000ಕ್ಕೂ ಹೆಚ್ಚು ಪದಗಳು ಬಂದವು. 1924ರ ಜನವರಿಯಲ್ಲಿ ಗೆದ್ದ ಪದ ‘ಸ್ಕಾಫ್‌ಲಾ’: ಕಾನೂನನ್ನು ಸ್ಕಾಫ್ ಮಾಡುವವನು. ಇಬ್ಬರು ಅದೇ ಪದ ಕಳಿಸಿದ್ದರಿಂದ ಹಣ ಹಂಚಿಹೋಯಿತು. ಕುಡುಕರು ನಾಚಿದರಾ? ಕೆಲವೇ ದಿನದಲ್ಲಿ ಪ್ಯಾರಿಸ್ಸಿನ ಬಾರೊಂದು ಆ ಹೆಸರಿನ ಕಾಕ್‌ಟೇಲ್ ಮಾಡಿ ಮಾರಿತು. ಗಡಿ ಚೆಕ್‌ಪೋಸ್ಟಿನಲ್ಲಿ ‘ಕರ್ನಾಟಕ ಮದ್ಯ ವಶ’ ಅನ್ನುವ ಸುದ್ದಿಯನ್ನು ವಾರ ವಾರ ಓದುವ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

‘ಡಿಫೈ’ ಇವೆಲ್ಲಕ್ಕಿಂತ ಭಾರದ ಪದ. ಇದರಲ್ಲಿ ನಗುವೇ ಇಲ್ಲ. ಬುಡದಲ್ಲಿ ‘ನಿಷ್ಠೆ ಕಡಿದುಕೊಳ್ಳು’ ಅನ್ನುವ ಅರ್ಥವಿದೆ. ಮಧ್ಯಯುಗದ ಯೂರೋಪಿನಲ್ಲಿ ಒಡೆಯನಿಗೆ ನಿಷ್ಠೆಯ ಮಾತು ಕೊಟ್ಟವನು, ಇನ್ನು ನಿನಗೂ ನನಗೂ ಆ ಸಂಬಂಧ ಇಲ್ಲ ಅಂತ ಬಹಿರಂಗವಾಗಿ ಹೇಳುವುದು ಡಿಫೈ. ಆಮೇಲೆ ಯುದ್ಧ. ಫ್ಲೌಟ್ ನಿಯಮಕ್ಕೆ, ಡಿಫೈ ನಿಯಮ ಮಾಡಿದವನಿಗೆ. ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ. ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಯ್ಯೂರಿನಲ್ಲಿ 1941ರ ಮಾರ್ಚ್‌ನಲ್ಲಿ ರೈತರು ಜಮೀನ್ದಾರರ ಮತ್ತು ಪೊಲೀಸರ ವಿರುದ್ಧ ಮೆರವಣಿಗೆ ಹೊರಟಿದ್ದರು. ದಾರಿಯಲ್ಲಿ ಎದುರಾದ ಪೊಲೀಸನೊಬ್ಬನ ಕೈಗೆ ಕೆಂಪು ಬಾವುಟ ಕೊಟ್ಟು ನಡೆಸಿದರು. ಅವನು ಹೊಳೆಗೆ ಹಾರಿ ಸತ್ತ. 1943ರ ಮಾರ್ಚ್ 29ರಂದು ನಾಲ್ವರನ್ನು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ನಿರಂಜನರ ಕಾದಂಬರಿಯಿಂದಾಗಿ ಕನ್ನಡಿಗರಿಗೂ ಈ ಕಥೆ ಗೊತ್ತು. ಪೊಲೀಸನ ಕೈಗೆ ಬಾವುಟ ಕೊಟ್ಟದ್ದು ಮಾಕ್. ಮೆರವಣಿಗೆ ಹೊರಟದ್ದು ಡಿಫೈ. ಒಂದೇ ದಿನ, ಒಂದೇ ಗುಂಪು, ಆದರೆ ಎರಡು ಪದ. ಇತಿಹಾಸದ ಪುಸ್ತಕ ಓದುವಾಗ ಬರೆದವನು ಯಾವುದನ್ನು ಆರಿಸಿಕೊಂಡಿದ್ದಾನೆ ಅಂತ ನೋಡಿದರೆ ಅವನು ಯಾರ ಪರ ಅನ್ನುವುದೂ ಗೊತ್ತಾಗುತ್ತದೆ. ಸುಮ್ನೆ ಪಂಥ ಕಟ್ಟುವುದಕ್ಕೂ ಡಿಫೈ ಬಳಸುತ್ತಾರೆ, ಅದು ನಮ್ಮ ‘ಸೆಡ್ಡು ಹೊಡೆ’.

ಮಲಯಾಳದ ‘ಧಿಕ್ಕಾರಂ’ ಈ ಜಾಗದಲ್ಲಿ ನಮ್ಮನ್ನು ದಾರಿ ತಪ್ಪಿಸುತ್ತದೆ. ಅಲ್ಲಿ ಅದು ಉದ್ಧಟತನ, ಹಿರಿಯರ ಮಾತು ಕೇಳದಿರುವುದು. ಕನ್ನಡದ ಧಿಕ್ಕಾರ ಮೆರವಣಿಗೆಯ ಘೋಷಣೆ. ಡಿಫಯನ್ಸ್ ಅನ್ನುವುದು ಇವೆರಡರ ನಡುವೆ ಎಲ್ಲೋ ಇದೆ.

ಕೆಳಗಿನವನು ಮೇಲಿನವನ ಬೈಗುಳವನ್ನೇ ಬಿರುದು ಮಾಡಿಕೊಳ್ಳುವುದೂ ಉಂಟು. 1914ರಲ್ಲಿ ಜರ್ಮನಿಯ ಚಕ್ರವರ್ತಿ ಕೈಸರ್ ಬ್ರಿಟಿಷ್ ಸೈನ್ಯವನ್ನು ‘ಕಂಟೆಂಪ್ಟಿಬಲ್ ಪುಟ್ಟ ಸೈನ್ಯ’ ಅಂದನಂತೆ. ಅವನು ನಿಜಕ್ಕೂ ಹಾಗೆ ಹೇಳಿದ್ದಕ್ಕೆ ಗಟ್ಟಿ ದಾಖಲೆ ಸಿಕ್ಕಿಲ್ಲ. ಬದುಕಿ ಉಳಿದ ಸೈನಿಕರು ಮಾತ್ರ ತಮ್ಮನ್ನು ‘ಓಲ್ಡ್ ಕಂಟೆಂಪ್ಟಿಬಲ್ಸ್’ ಅಂತಲೇ ಕರೆದುಕೊಂಡು ಎದೆಯುಬ್ಬಿಸಿ ನಡೆದರು. ಮತದಾನದ ಹಕ್ಕು ಕೇಳಿದ ಬ್ರಿಟನ್ನಿನ ಮಹಿಳೆಯರಿಗೆ 1906ರಲ್ಲಿ ಪತ್ರಿಕೆಯೊಂದು ಗೇಲಿಗೆ ಇಟ್ಟ ಹೆಸರು ‘ಸಫ್ರಜೆಟ್’. ಅವರೂ ಅದನ್ನೇ ಎತ್ತಿಕೊಂಡರು. ಇಲ್ಲೇ ಒಂದು ಜೋಡಿ ಬೇರ್ಪಡಿಸಿಕೊಳ್ಳಿ: ‘ಕಂಟೆಂಪ್ಟಿಬಲ್’ ಅಂದರೆ ತಿರಸ್ಕಾರಕ್ಕೆ ತಕ್ಕವನು, ‘ಕಂಟೆಂಪ್ಚುಅಸ್’ ಅಂದರೆ ತಿರಸ್ಕಾರ ತೋರಿಸುವವನು. ಒಡ್ಡೋಲಗದಲ್ಲಿ ರಾವಣ ಕಂಟೆಂಪ್ಚುಅಸ್, ಅವನ ಕಣ್ಣಿಗೆ ಅಂಗದ ಕಂಟೆಂಪ್ಟಿಬಲ್.

ವ್ಯಾಕರಣ ಬೇಗ ಮುಗಿಸೋಣ. ‘ಲಾಫ್’ನ ಮುಂದೆ ‘ಆಟ್’ ಬಂದರೆ ‘ಅವನನ್ನು ನೋಡಿ ನಕ್ಕರು’, ‘ವಿತ್’ ಬಂದರೆ ‘ಅವನ ಜೊತೆ ನಕ್ಕರು’. ಸ್ಕಾಫ್, ಸ್ನೀರ್ ಎರಡಕ್ಕೂ ಈ ‘ಆಟ್’ ಬೇಕು. ಜೀರ್‌ಗೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಮಾಕ್, ರಿಡಿಕ್ಯೂಲ್, ಡಿರೈಡ್, ಟಾಂಟ್, ಫ್ಲೌಟ್, ಡಿಫೈ ಇವಕ್ಕೆ ಬೇಡ, ನೇರವಾಗಿ ಕರ್ಮಪದ. ಕಂಟೆಂಪ್ಟ್ ಒಬ್ಬರ ಬಗ್ಗೆ ಇದ್ದರೆ ‘ಫಾರ್’, ಕೋರ್ಟಿನದ್ದಾದರೆ ‘ಆಫ್’.

ಆ ಕೋರ್ಟಿನ ಕಂಟೆಂಪ್ಟ್ ಬಗ್ಗೆ ಒಂದೇ ಸುದ್ದಿಯನ್ನು ಎರಡು ಭಾಷೆಯಲ್ಲಿ ಓದುವ ಅವಕಾಶ ಕಾಸರಗೋಡಿನವರಿಗಿದೆ. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ನೇತುಹಾಕಿದ ಕನ್ನಡ ಪತ್ರಿಕೆಯಲ್ಲಿ ಅದು ‘ನ್ಯಾಯಾಂಗ ನಿಂದನೆ’. ಪಕ್ಕದ ಮಲಯಾಳ ಪತ್ರಿಕೆಯಲ್ಲಿ ‘ಕೋಡತಿಯಲಕ್ಷ್ಯಂ’, ಅಂದರೆ ಕೋರ್ಟಿನ ಅಲಕ್ಷ್ಯ. ನಿಂದನೆ ಅಂದರೆ ಬೈಯುವುದು. ಅಲಕ್ಷ್ಯ ಅಂದರೆ ಲೆಕ್ಕಕ್ಕೆ ಇಡದಿರುವುದು. ಯಾವುದು ಸರಿ? 1971ರ ನ್ಯಾಯಾಂಗ ನಿಂದನೆ ಕಾಯ್ದೆಯಲ್ಲಿ ಎರಡು ಬಗೆ ಇದೆ. ಕೋರ್ಟಿನ ಆದೇಶವನ್ನು ಬೇಕೆಂದೇ ಪಾಲಿಸದಿದ್ದರೆ, ಕೋರ್ಟಿಗೆ ಕೊಟ್ಟ ಮಾತನ್ನು ಬೇಕೆಂದೇ ಮುರಿದರೆ ಅದು ಸಿವಿಲ್ ಕಂಟೆಂಪ್ಟ್. ಬಾಯಿ ಬಿಟ್ಟು ಒಂದು ಕೆಟ್ಟ ಮಾತೂ ಆಡಬೇಕಿಲ್ಲ, ಸುಮ್ಮನೆ ಕೂತರೂ ಸಾಕು. ಕೋರ್ಟಿನ ಹೆಸರಿಗೆ ಮಸಿ ಬಳಿಯುವ, ಅಧಿಕಾರ ಕುಗ್ಗಿಸುವ, ವಿಚಾರಣೆಗೆ ಅಡ್ಡಿ ಮಾಡುವ ಮಾತು, ಬರಹ, ಕೆಲಸಗಳು ಕ್ರಿಮಿನಲ್ ಕಂಟೆಂಪ್ಟ್. ಎರಡಕ್ಕೂ ಶಿಕ್ಷೆ ಗರಿಷ್ಠ 6 ತಿಂಗಳ ಸಾದಾ ಸಜೆ, ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಕೋರ್ಟಿಗೆ ಒಪ್ಪಿಗೆಯಾಗುವಂಥ ಕ್ಷಮೆ ಕೇಳಿದರೆ ಬಿಡುಗಡೆಯೂ ಉಂಟು.

ಅಂದರೆ ಕನ್ನಡದ ಹೆಸರು ಕ್ರಿಮಿನಲ್ ಅರ್ಧವನ್ನು ಹಿಡಿದಿದೆ, ಮಲಯಾಳದ ಹೆಸರು ಸಿವಿಲ್ ಅರ್ಧವನ್ನು. ನಿವೃತ್ತ ನೌಕರನಿಗೆ ಪಿಂಚಣಿ ಕೊಡಿ ಅಂತ ಹೈಕೋರ್ಟ್ ಹೇಳಿದ್ದರೂ ಕಡತವನ್ನು ಕದಲಿಸದ ಅಧಿಕಾರಿಯ ಸುದ್ದಿಗೆ ‘ನಿಂದನೆ’ ಅನ್ನುವುದು ಹೊಂದುವುದಿಲ್ಲ. ಅವನು ಯಾರನ್ನೂ ಬೈದಿಲ್ಲ. ಅಲ್ಲಿ ಮಲಯಾಳದ್ದೇ ಸರಿ. 2020ರಲ್ಲಿ ಎರಡು ಟ್ವೀಟ್‌ಗಳಿಗಾಗಿ ವಕೀಲ ಪ್ರಶಾಂತ್ ಭೂಷಣ್ ಅವರನ್ನು ಸುಪ್ರೀಂ ಕೋರ್ಟ್ ತಪ್ಪಿತಸ್ಥ ಅಂದಿತು. ಕ್ಷಮೆ ಕೇಳಲು ಅವರು ಒಪ್ಪಲಿಲ್ಲ. ಆಗಸ್ಟ್ 31ರಂದು 1 ರೂಪಾಯಿ ದಂಡ ಹಾಕಿತು, ಕಟ್ಟದಿದ್ದರೆ 3 ತಿಂಗಳ ಸಜೆ ಮತ್ತು 3 ವರ್ಷ ವಕೀಲಿಕೆಗೆ ತಡೆ. ಅವರು ರೂಪಾಯಿ ಕಟ್ಟಿದರು. ಈ ಪ್ರಕರಣ ಆದೇಶ ಪಾಲಿಸದ್ದಕ್ಕಲ್ಲ, ಬರೆದದ್ದಕ್ಕೆ. ಇದಕ್ಕೆ ಕನ್ನಡ ಪತ್ರಿಕೆಯ ತಲೆಬರಹವೇ ಸರಿ.